ಎರಡು ಬಿಳಿಗಳ ನಡುವಿನ ಗೆರೆ

ಫೆಬ್ರವರಿ ೪

ಮಗಳೇ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ಒಡೆಯದೆ ಪಕ್ಕಕ್ಕೆ ಇಟ್ಟುಬಿಡುತ್ತೀಯ ಅನ್ನಿಸಿತು. ಅದಕ್ಕೇ ವಿಳಾಸವನ್ನು ನಿನ್ನ ಅಮ್ಮನ ಕೈಯಲ್ಲಿ ಬರೆಸಿದ್ದೇನೆ. ಅವಳಿಗೆ ಅದು ಬಾಯಿಪಾಠ. ಎರಡು ತಿಂಗಳಿಗೊಮ್ಮೆ "ತಂಗಿ ಮನೆಗೆ ಹೋಗ್ಬರ್ತೀನಿ" ಎಂದು ಚೀಲ ಹಿಡಿದು ಹೊರಡುವವಳು ಎಲ್ಲಿಗೆ ಹೋಗುತ್ತಾಳೆಂದು ತಿಳಿಯದಷ್ಟು ದಡ್ಡ ನಾನಲ್ಲ. ಐದು ವರ್ಷದಿಂದ ಅವಳು ಹೇಳಿಲ್ಲ, ನಾನು ಕೇಳಿಲ್ಲ.

ವಿಷಯ ಇಷ್ಟೇ. ಹೋದ ತಿಂಗಳು ಬಲಗಣ್ಣಿನ ಪೊರೆ ತೆಗೆಸಿದೆ. ಗಾಬರಿಯಾಗುವಂಥದ್ದೇನೂ ಇಲ್ಲ, ಅರ್ಧ ಗಂಟೆಯ ಕೆಲಸ. ಡಾಕ್ಟರು ನಿನಗಿಂತ ಚಿಕ್ಕ ಹುಡುಗಿ. "ಏನ್ ಕೆಲಸ ಮಾಡ್ತೀರಿ ಸಾರ್?" ಎಂದು ಕೇಳಿದಳು. ಚಿತ್ರ ಬರೆಯುವವರಿಗೆ ಎಣ್ಣೆಬಣ್ಣ ತಯಾರಿಸುತ್ತೇನೆ, ಪ್ರತಿ ಬ್ಯಾಚಿನ ಬಣ್ಣವನ್ನೂ ನಾನೇ ನೋಡಿ ಪಾಸು ಮಾಡುತ್ತೇನೆ ಅಂದೆ. "ಈ ಕಣ್ಣಲ್ಲಾ?" ಎಂದು ಬಾಯಿಬಿಟ್ಟು ನಕ್ಕುಬಿಟ್ಟಳು. ಆಮೇಲೆ ಕ್ಷಮೆ ಕೇಳಿದಳು ಪಾಪ.

ಕಾರ್ಖಾನೆ ನಡೆಯುತ್ತಿದೆ. ಬಣ್ಣಗಳೂ ತಮ್ಮ ತಮ್ಮ ಗುಣ ಬಿಟ್ಟಿಲ್ಲ. ಅಂಬರಿನ ಕಂದು ಈಗಲೂ ಅವಸರಗೇಡಿ, ಇವತ್ತು ಬಳಿದರೆ ನಾಳೆಗೆ ಒಣಗಿ ಕೂತಿರುತ್ತದೆ. ಮೂಳೆಗಪ್ಪು ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಪ್ರಷ್ಯನ್ ನೀಲಿ ಜೋರು ಬಾಯಿಯ ನೆಂಟನ ಹಾಗೆ. ಗುಂಡುಸೂಜಿಯ ತಲೆಯಷ್ಟು ಒಳಗೆ ಬಿಟ್ಟರೂ ಬಟ್ಟಲು ತುಂಬ ಇರುವ ಬಿಳಿ ಅದರದೇ ಆಗುತ್ತದೆ. ಅಲಿಜರಿನ್ ಕೆಂಪಿನ ಪಟ್ಟಿಯನ್ನು ಕಿಟಕಿಗೆ ಅಂಟಿಸಿದ್ದೆ, ಬಿಸಿಲಿಗೆ ಅದು ಹೇಳದೆ ಕೇಳದೆ ಅರ್ಧ ಜಾಗ ಖಾಲಿ ಮಾಡಿದೆ. ಸತುವಿನ ಬಿಳಿಯ ಸಿಡುಕು ಗೊತ್ತೇ ಇದೆಯಲ್ಲ, ದಪ್ಪಗೆ ಬಳಿದರೆ ಬಿರುಕು.

ಜೊತೆಗೆ ಒಂದು ಕಾರ್ಡು ಇಟ್ಟಿದ್ದೇನೆ. ಅಕ್ಕಪಕ್ಕ ಎರಡು ಬಿಳಿ ಎಳೆದಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ, ಬಿಸಿಲು ನೇರ ಬೀಳದ ಕಿಟಕಿಯ ಬಳಿ ಹಿಡಿದು ನೋಡು. ನಡುವೆ ಗೆರೆ ಕಾಣುತ್ತದೆಯೇ? ಕಂಡರೆ ಯಾವ ಪಕ್ಕ ಹೆಚ್ಚು ಹಳದಿ? ಎರಡೇ ಸಾಲು ಬರೆದು ಕಳಿಸು ಸಾಕು. ಬೇರೆ ಏನೂ ಬರೆಯಬೇಕೆಂದಿಲ್ಲ.

ನಿನ್ನ ಅಪ್ಪ


ಫೆಬ್ರವರಿ ೨೬

ಅಪ್ಪನಿಗೆ,

ಕಾರ್ಡು ವಾಪಸು ಕಳಿಸಿದ್ದೇನೆ. ಕಿಟಕಿಯ ಬಳಿ ಒಯ್ದಿಲ್ಲ. ಕಣ್ಣು ಚೆನ್ನಾಗಿ ಆಗಿದೆಯೆಂದು ಅಮ್ಮ ಹೇಳಿದಳು, ಸಂತೋಷ.

ಈ ಪರೀಕ್ಷೆಯನ್ನು ನಾನು ಒಂದು ಸಲ ಬರೆದು ಫೇಲಾಗಿದ್ದೇನೆ. ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಟ್ಯೂಬು ತುಂಬುವ ಕೋಣೆ. ಅರೆಯುವ ಯಂತ್ರದ ಹತ್ತಿರ ಮೇಸ್ತ್ರಿ, ಕೊಳವೆಯ ಹತ್ತಿರ ಟ್ಯೂಬು ತುಂಬುವ ಕೆಲಸದ ದೊಡ್ಡಕ್ಕ, ಡಬ್ಬಿ ಕಟ್ಟುವ ಇಬ್ಬರು, ಸಹಿ ಹಾಕಿಸಿಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದ ಪೋಸ್ಟ್‌ಮ್ಯಾನ್. ನೀವು ಹಿಂದಿನ ಬ್ಯಾಚಿನ ಬಿಳಿಯನ್ನೂ ಹೊಸ ಬಿಳಿಯನ್ನೂ ಕಾರ್ಡಿನ ಮೇಲೆ ಅಲಗಿನಿಂದ ಒಟ್ಟಿಗೆ ಎಳೆದಿರಿ. ಗೆರೆ ಕಾಣದಿದ್ದರೆ ಪಾಸು, ಕಂಡರೆ ಇಲ್ಲ. ತಾತನ ಕಾಲದಿಂದ ಬಂದ ಕ್ರಮ.

"ಅಪ್ಪಾ, ಹೊಸದು ಹಳದಿಗೆ ತಿರುಗಿದೆ. ಕುಸುಬೆ ಎಣ್ಣೆ ಅಲ್ಲ ಇದು, ಯಾವುದೋ ಹಳೇ ಅಗಸೆ ಎಣ್ಣೆ ಕೊಟ್ಟಿದಾರೆ ನಿನಗೆ" ಅಂದೆ. ಮೆಲ್ಲಗೇ ಹೇಳಿದೆ. ನೀವು ಕಾರ್ಡು ನೋಡಿದಿರಿ. ಗೆರೆ ಇಲ್ಲ ಅಂದಿರಿ. ಇದೆ ಅಂದೆ. ಆಗ ನೀವು ಅಲಗನ್ನು ಮೇಜಿನ ಮೇಲೆ ಎಸೆದು, ಬಾಗಿಲಲ್ಲಿದ್ದವನಿಗೂ ಕೇಳಿಸುವ ಹಾಗೆ ಹೇಳಿದಿರಿ: "ಗೆರೆನೂ ಇಲ್ಲ, ಗಿರೆನೂ ಇಲ್ಲ. ನಿನಗೇನು ಕಾಮಾಲೆ ಬಂದಿದ್ಯಾ? ಕಣ್ಣಿಲ್ದೋರಿಗೆ ಬಣ್ಣದ ಮನೇಲಿ ಏನು ಕೆಲಸ?"

ಡಬ್ಬಿ ಕಟ್ಟುವವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರೇ ಕಾಮಾಲೆ ಆಗಿತ್ತು. "ಕಾಮಾಲೆ ಮೇಡಂ, ಚಹಾ ಬಂತು." ನೀವು ಕೇಳಿಸಿಕೊಂಡಿರಿ, ಬೇಡ ಅನ್ನಲಿಲ್ಲ. ಹನ್ನೆರಡು ದಿನ ಇದ್ದು ಆಮೇಲೆ ಹೊರಟೆ.

ಈಗ ಅಚ್ಚುಮನೆಯಲ್ಲಿದ್ದೇನೆ. ರಸೀದಿ, ಅರ್ಜಿ, ಹಾಜರಿ ಪುಸ್ತಕ ಅಚ್ಚು ಹಾಕುತ್ತಾರೆ. ಎಲ್ಲವೂ ಕಪ್ಪು. ನನ್ನ ಮೇಜಿನ ಮೇಲೆ ಬೇರೆ ಬಣ್ಣ ಇಲ್ಲ. ನಾನೇ ಹುಡುಕಿಕೊಂಡ ಕೆಲಸ ಇದು. ಇಲ್ಲಿ ಯಾರಿಗೂ ನನ್ನ ಕಣ್ಣಿನ ಉಸಾಬರಿ ಬೇಕಿಲ್ಲ.

ನಿಮಗೆ ಏನು ಬೇಕಾಗಿದೆ, ಅದನ್ನು ನೇರವಾಗಿ ಬರೆಯಿರಿ.

ಇಂತಿ,
ಮಗಳು


ಮಾರ್ಚ್ ೯

ಮಗಳೇ,

ಕಾಗದದ ತುಂಬ ನೀವು ನೀವು ಎಂದು ಬರೆದಿದ್ದೀಯ. ಎರಡು ವರ್ಷದವಳಿದ್ದಾಗ ನನ್ನ ಭುಜದ ಮೇಲೆ ಕೂತು ಕಿವಿ ಹಿಂಡುತ್ತಾ "ನೀ ನಡಿ" ಅನ್ನುತ್ತಿದ್ದವಳು. ಇರಲಿ, ನಾನೇ ಸಂಪಾದಿಸಿಕೊಂಡ ಮರ್ಯಾದೆ.

ನೇರವಾಗಿ ಬರೆಯುತ್ತೇನೆ. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ದಿನ ಮಂಚದ ಮೇಲೆ ಕೂತು ಸುಮ್ಮನೆ ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಮುಚ್ಚಿದೆ. ಬಲಗಣ್ಣಿಗೆ ಗೋಡೆ ಬೆಳ್ಳಗೆ, ತುಸು ನೀಲಿ ಹೊಡೆಯುವಷ್ಟು ಬೆಳ್ಳಗೆ ಕಂಡಿತು. ಎಡಗಣ್ಣಿಗೆ ಅದೇ ಗೋಡೆ ಚಹಾ ಚೆಲ್ಲಿ ಒರೆಸಿದ ಹಾಗಿತ್ತು. ನಿನ್ನ ಅಮ್ಮನನ್ನು ಕರೆದು "ಈ ಗೋಡೆ ಯಾವ ಬಣ್ಣ?" ಎಂದು ಕೇಳಿದೆ. "ಬಿಳಿ. ಯಾಕೆ, ತಲೆಗೂ ಆಪರೇಷನ್ ಆಯ್ತಾ?" ಅಂದಳು.

ಮಾರನೆಯ ದಿನ ಕಾರ್ಖಾನೆಗೆ ಹೋಗಿ, ಎಲ್ಲರೂ ಊಟಕ್ಕೆ ಎದ್ದ ಮೇಲೆ ಬೀರು ತೆಗೆದೆ. ಐದು ವರ್ಷದ ಬಿಳಿಯ ಕಾರ್ಡುಗಳನ್ನೆಲ್ಲ ಉದ್ದ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಪ್ರತಿಯೊಂದರ ಮೂಲೆಯಲ್ಲೂ ನನ್ನ ಸಹಿ. ಒಂದೊಂದರಲ್ಲೂ ಗೆರೆ ಇತ್ತು ಮಗಳೇ. ಕೆಲವುಗಳಲ್ಲಿ ಕೂದಲೆಳೆಯಷ್ಟು, ಕೆಲವುಗಳಲ್ಲಿ ಕುರುಡನೂ ಎಡವುವಷ್ಟು. ನಿನ್ನ ಆ ದಿನದ ಕಾರ್ಡೂ ಸಿಕ್ಕಿತು. ಅದರ ಒಂದು ಪಕ್ಕ ಬಿಳಿ, ಇನ್ನೊಂದು ಪಕ್ಕ ಬೆಣ್ಣೆ. ಹೊಸ ಬ್ಯಾಚನ್ನು ಹಿಂದಿನದರ ಜೊತೆ ಹೋಲಿಸಿ, ಅದನ್ನು ಅದರ ಹಿಂದಿನದರ ಜೊತೆ ಹೋಲಿಸಿ, ಹೀಗೆ ಮೊದಲ ಕಾರ್ಡಿನಿಂದ ಕೊನೆಯದಕ್ಕೆ ಬರುವಾಗ ಬಿಳಿ ಹೋಗಿ ಮುದುಕನ ಹಲ್ಲಾಗಿತ್ತು.

ನಿನಗೆ ಕಳಿಸಿದ್ದು ಮೊದಲ ಬಿಳಿ ಮತ್ತು ಕೊನೆಯ ಬಿಳಿ. ನನ್ನ ಹೊಸ ಕಣ್ಣಿನ ಮೇಲೆ ನನಗಿನ್ನೂ ನಂಬಿಕೆ ಬಂದಿರಲಿಲ್ಲ. ಯಾರನ್ನು ಕೇಳಲಿ ಎಂದು ಯೋಚಿಸಿದರೆ ನಿನ್ನ ಹೆಸರೊಂದೇ ಹೊಳೆಯಿತು. ಪರೀಕ್ಷೆ ಮಾಡಬೇಕೆಂದು ಕಳಿಸಿದ್ದಲ್ಲ.

ಅಂದು ನೀನು ಹೇಳಿದ್ದೇ ಸರಿ. ಏನು ಮಾಡುವುದು, ಪೊರೆ ಅನ್ನುವುದು ಹಾಗೆ, ಒಳಗಿದ್ದವನಿಗೆ ತಿಳಿಯುವುದೇ ಇಲ್ಲವಂತೆ, ಡಾಕ್ಟರೇ ಹೇಳಿದಳು. ಹಳದಿಯ ಮೂಲಕ ನೋಡುವವನಿಗೆ ಬಿಳಿಯೂ ಹಳದಿಬಿಳಿಯೂ ಒಂದೇ. ಯಾರ ತಪ್ಪೂ ಇಲ್ಲ ಅಂದುಕೊಳ್ಳೋಣ. ನಿನ್ನ ಮೇಜು ಹಾಗೇ ಇದೆ, ಅದರ ಮೇಲೆ ರಟ್ಟಿನ ಡಬ್ಬಿ ಪೇರಿಸಿದ್ದಾರೆ ಅಷ್ಟೆ, ತೆಗೆಸುತ್ತೇನೆ. ಬಂದುಬಿಡು. ಆದದ್ದು ಆಗಿಹೋಯಿತು.

ನಿನ್ನ ಅಪ್ಪ


ಏಪ್ರಿಲ್ ೨

ಅಪ್ಪನಿಗೆ,

ನಿಮ್ಮ ಕಾಗದವನ್ನು ಮೂರು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿದೆ. "ನೀನು ಹೇಳಿದ್ದೇ ಸರಿ" ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ಅದಕ್ಕಾಗಿ ಐದು ವರ್ಷ ಕಾದಿದ್ದೆ. ಬಂದಾಗ ನೋಡಿದರೆ ಅದರ ಬೆನ್ನಿಗೇ ಪೊರೆ, ಡಾಕ್ಟರು, ಯಾರ ತಪ್ಪೂ ಇಲ್ಲ.

ಗೆರೆ ಕಾಣದಿದ್ದುದು ಪೊರೆಯಿಂದ, ಒಪ್ಪುತ್ತೇನೆ. ಕಾಮಾಲೆ ಅಂದದ್ದು ಪೊರೆಯಾ? ಅಲಗು ಎಸೆದದ್ದು? ಇನ್ನೊಂದು ಸಲ ನೋಡೋಣ, ಮೇಸ್ತ್ರಿಗೂ ತೋರಿಸೋಣ ಅನ್ನಬಹುದಿತ್ತು. ಮಗಳ ಮಾತು ನಿಜವಿದ್ದರೆ ಎಂದು ಒಂದು ಕ್ಷಣ ನಿಲ್ಲಬಹುದಿತ್ತು.

ಆಮೇಲೆ ನನಗೆ ಏನಾಯಿತು ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬಟ್ಟೆ ಕೊಳ್ಳಲು ಹೋದರೆ ಅಂಗಡಿಯವನನ್ನು "ಇದು ನೀಲಿನಾ ನೇರಳೆನಾ?" ಎಂದು ಕೇಳುವಂತಾದೆ. ನನಗೆ ಕಾಣುತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವಾಗ ನಾಲಿಗೆ ತಡೆಯುತ್ತಿತ್ತು. ಇಲ್ಲಿ ಅಚ್ಚಿನ ಮಸಿ ಬದಲಾದಾಗೆಲ್ಲ ಗೊತ್ತಾಗುತ್ತದೆ. ಒಂದು ಕಪ್ಪು ನೀಲಿ ಹೊಡೆಯುತ್ತದೆ, ಅದು ದೀಪದ ಮಸಿ. ಇನ್ನೊಂದು ಕಂದು ಹೊಡೆಯುತ್ತದೆ, ಅದು ಮೂಳೆಯದು. ಯಾರಿಗೂ ಹೇಳುವುದಿಲ್ಲ. ಗೊತ್ತಿರುವುದನ್ನು ಹೇಳಲು ನಾಚಿಕೆಪಡುವವಳಾಗಿ ಬದುಕುತ್ತಿದ್ದೇನೆ, ಆ ನಾಚಿಕೆ ನನ್ನದಲ್ಲ, ನೀವು ಕೊಟ್ಟದ್ದು.

ಕೆಲಸಕ್ಕೆ ಬರುವುದಿಲ್ಲ. ರಟ್ಟಿನ ಡಬ್ಬಿಗಳು ಅಲ್ಲೇ ಇರಲಿ. ನನಗೆ ಬೇಕಾದದ್ದು ಒಂದೇ. ಎಲ್ಲಿ ಹೇಳಿದಿರೋ ಅಲ್ಲೇ ಹೇಳಿ. ಅದೇ ಕೋಣೆ, ಅದೇ ಹತ್ತು ಗಂಟೆ, ಯಂತ್ರ ನಿಲ್ಲಿಸಿ, ಎಲ್ಲರಿಗೂ ಕೇಳಿಸುವ ಹಾಗೆ. ಕಾಗದದಲ್ಲಿ ನನಗೊಬ್ಬಳಿಗೆ ಹೇಳಿದ್ದು ನನಗೆ ಸಾಲದು.

ಬಿಳಿ ಕೊಂಡವರ ವಿಷಯವೂ ಇದೆ. ಆ ಮಡಿಸಿದ ಹಾಸಿಗೆ ಬಟ್ಟೆಗಳ ಚಿತ್ರ ಬರೆಯುವ ನರ್ಸಮ್ಮ ನಿಮ್ಮ ಬಿಳಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅವರಿಗೆ ಏನು ಹೇಳಿದ್ದೀರಿ?

ಮಗಳು


ಏಪ್ರಿಲ್ ೨೧

ಮಗಳೇ,

ನರ್ಸಮ್ಮನಿಗೆ ಏನು ಹೇಳಿದ್ದೆ ಎಂದು ಕೇಳಿದ್ದೀಯ. ಹೇಳಲು ನಾಚಿಕೆಯಾಗುತ್ತದೆ, ಆದರೂ ಕೇಳು. ಎರಡು ವರ್ಷದ ಹಿಂದೆ ಅವರು ಬಿಳಿ ಹಳದಿಯಾಗುತ್ತಿದೆ ಎಂದು ಕಾಗದ ಬರೆದಿದ್ದರು. ಎಣ್ಣೆಚಿತ್ರವನ್ನು ಕತ್ತಲಲ್ಲಿ ಇಟ್ಟರೆ ಹಳದಿಯಾಗುವುದು ಸಹಜ, ಎರಡು ವಾರ ಬೆಳಕಿಗೆ ಇಡಿ, ತಿಳಿಯಾಗುತ್ತದೆ, ಚಿತ್ರ ಇಡುವ ರೀತಿ ಮೊದಲು ಕಲಿತುಕೊಳ್ಳಿ ಎಂದು ಉತ್ತರಿಸಿದ್ದೆ. ಅದರಲ್ಲಿ ಸುಳ್ಳೇನಿಲ್ಲ, ಕತ್ತಲು ಎಣ್ಣೆಯನ್ನು ಹಳದಿ ಮಾಡುತ್ತದೆ. ಆದರೆ ಅವರ ಬಿಳಿ ಕತ್ತಲಿಗೆ ಕೆಟ್ಟದ್ದಲ್ಲ, ನನ್ನ ಕೈಯಿಂದ ಹೊರಡುವಾಗಲೇ ಕೆಟ್ಟಿತ್ತು.

ಹೋದ ವಾರ ಅವರ ಮನೆಗೆ ಹೋದೆ. ಮೂರನೆಯ ಮಹಡಿ, ಮೆಟ್ಟಿಲ ತುದಿಯವರೆಗೂ ಚಿತ್ರಗಳು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಮಡಿಸಿದ ಬಟ್ಟೆಗಳನ್ನೇ ಈಗ ಬರೆಯುತ್ತಾರೆ. ಮಡಿಕೆಯ ನೆರಳಿಗೆ ಅಲ್ಟ್ರಾಮರೀನಿನ ಒಂದು ಉಸಿರು ಬೆರೆಸುತ್ತಾರೆ, ಎಂಥ ಕೈ! ಹಳೆಯ ಚಿತ್ರಗಳಲ್ಲಿ ಬಟ್ಟೆ ಈಗ ತಾನೇ ಒಗೆದು ತಂದ ಹಾಗಿತ್ತು. ಎರಡು ವರ್ಷದ ಹಿಂದಿನ ನಾಲ್ಕೈದು ಚಿತ್ರಗಳಲ್ಲಿ ರೋಗಿ ಮಲಗಿ ಎದ್ದುಹೋದ ಬಟ್ಟೆ. ನೀಲಿ ನೆರಳು ಹಳದಿಗೆ ಸಿಕ್ಕಿ ಪಾಚಿ ಹಸಿರಾಗಿದೆ.

"ತಪ್ಪು ನನ್ನದು, ನನ್ನ ಕಣ್ಣಿನದು" ಅಂದೆ. ಅವರು ಬೈಯಲಿಲ್ಲ. "ನನ್ನ ಕೈಯೇ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ ಕಣ್ರೀ. ಬರೆಯೋದೇ ಬಿಟ್ಬಿಡೋಣ ಅಂತಿದ್ದೆ" ಎಂದು ನನ್ನ ಮುಂದೆ ನೀರಿನ ಲೋಟ ಇಟ್ಟರು.

ಅವರಿಗೆ ಹೇಳಿದವನಿಗೆ ಕೋಣೆಯಲ್ಲಿ ಹೇಳಲು ಏನು ಕಷ್ಟ ಅನ್ನುತ್ತೀಯ. ಮೂರು ಸಲ ಹೋದೆ. ಮೊದಲನೆಯ ಸಲ ಗಂಟಲು ಸರಿಮಾಡಿಕೊಂಡು, ಟ್ಯೂಬಿನ ಮುಚ್ಚಳ ಬಿಗಿಯಾಗಿ ಕೂರುತ್ತಿಲ್ಲ ಎಂದು ಹೇಳಿ ಬಂದೆ. ಎರಡನೆಯ ಸಲ ಯಂತ್ರ ನಿಲ್ಲಿಸಿ ಅಂದೆ. ನಿಲ್ಲಿಸಿದರು. ಎಲ್ಲರೂ ನನ್ನ ಮುಖ ನೋಡಿದರು. "ಉರುಳೆ ತೊಳೆದು ಎಷ್ಟು ದಿನ ಆಯ್ತು?" ಎಂದು ಕೇಳಿದೆ. ಮೇಸ್ತ್ರಿ "ಇವತ್ತು ಬೆಳಿಗ್ಗೆ ತಾನೇ ತೊಳೆದಿದ್ದು" ಅಂದ. ಮೂರನೆಯ ಸಲ ಬಾಗಿಲವರೆಗೆ ಹೋಗಿ ಹಿಂತಿರುಗಿದೆ. ಅರವತ್ತಾರು ವರ್ಷದ ಗಂಡಸು ಸ್ವಂತ ಕಾರ್ಖಾನೆಯಲ್ಲಿ ಕಳ್ಳನ ಹಾಗೆ ಬಾಗಿಲ ಸಂದಿಯಿಂದ ಇಣುಕುವುದನ್ನು ನೋಡಿದ್ದರೆ ನೀನು ನಕ್ಕಿರುತ್ತಿದ್ದೆ.

ಅವರೆಲ್ಲ ನನ್ನ ಕಣ್ಣನ್ನು ನಂಬಿ ಇಷ್ಟು ವರ್ಷ ಕೆಲಸ ಮಾಡಿದವರು. ಆ ಕಣ್ಣು ಕುರುಡಾಗಿತ್ತು ಎಂದು ಹೇಳಿದ ಮೇಲೆ ನಾನು ಅವರ ಎದುರು ಏನಾಗಿ ನಿಲ್ಲಲಿ? ಇದೊಂದೇ ಭಯ. ಸ್ವಲ್ಪ ದಿನ ಕೊಡು.

ಅಪ್ಪ


ಮೇ ೧೦

ಮಗಳೇ,

ನೀನು ಉತ್ತರ ಬರೆಯಲಿಲ್ಲ. ಬರೆಯದೆ ಇದ್ದದ್ದೇ ಒಳ್ಳೆಯದಾಯಿತು.

ಶುಕ್ರವಾರ ಹೇಳಿದೆ. ಹತ್ತು ಗಂಟೆಗೆ, ಯಂತ್ರ ನಿಲ್ಲಿಸಿ, ನಿಂತುಕೊಂಡು. ಡಬ್ಬಿ ಕಟ್ಟುವವರಲ್ಲಿ ಒಬ್ಬ ಕೆಲಸ ಬಿಟ್ಟಿದ್ದಾನೆ, ಅವನನ್ನೂ ಹೇಳಿಕಳಿಸಿ ಕರೆಸಿದ್ದೆ. ಪೋಸ್ಟ್‌ಮ್ಯಾನ್ ನಿವೃತ್ತನಾಗಿದ್ದಾನೆ, ಸಿಗಲಿಲ್ಲ. ಆ ದಿನದ ಕಾರ್ಡನ್ನು ಎತ್ತಿ ಹಿಡಿದೆ. "ಇದರಲ್ಲಿ ಗೆರೆ ಇದೆ. ಆ ದಿನಾನೂ ಇತ್ತು. ನನ್ನ ಮಗಳಿಗೆ ಕಂಡಿತ್ತು, ನನಗೆ ಕಂಡಿರಲಿಲ್ಲ. ಕಾಮಾಲೆ ಅಂದೆ ನಾನು ಅವಳಿಗೆ. ಇದ್ದದ್ದು ನನ್ನ ಕಣ್ಣಲ್ಲಿ. ಅವಳನ್ನ ನಿಮ್ಮೆಲ್ಲರ ಮುಂದೆ ಅವಮಾನ ಮಾಡಿದೆ, ಅದಕ್ಕೇ ನಿಮ್ಮೆಲ್ಲರ ಮುಂದೆ ಹೇಳ್ತಿದೀನಿ, ತಪ್ಪಾಯ್ತು" ಅಂದೆ. ಇಷ್ಟೇ ಮಾತು. ಮುಗಿಸುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಯಾರೂ ಆಶ್ಚರ್ಯಪಡಲಿಲ್ಲ. ಮೇಸ್ತ್ರಿ ಉರುಳೆ ನೋಡಿದ. ಡಬ್ಬಿ ಕಟ್ಟುವವನು ಚಪ್ಪಲಿ ನೋಡಿಕೊಂಡ. ಕೊನೆಗೆ ದೊಡ್ಡಕ್ಕ ಕೈ ಒರೆಸಿಕೊಂಡು, "ನಮಗೆ ಗೊತ್ತಿತ್ತು ಯಜಮಾನ್ರೇ" ಅಂದಳು.

ಎಲ್ಲರಿಗೂ ಗೊತ್ತಿತ್ತು. ನೀನು ಬಿಟ್ಟುಹೋದ ಆ ವಾರದಿಂದಲೇ ಗೊತ್ತಿತ್ತು. ನಾನು ಕಲ್ಲಿನ ಹಲಗೆಯ ಮೇಲೆ ಮಾದರಿಗೆಂದು ಅಂಗೈಯಷ್ಟು ಬಿಳಿ ಅರೆದು, ಕಾರ್ಡು ಎಳೆದು, ಸಹಿ ಹಾಕಿ ಎದ್ದುಹೋಗುತ್ತಿದ್ದೆನಲ್ಲ, ಆಮೇಲೆ ದೊಡ್ಡಕ್ಕ ನನ್ನ ಅಗಸೆ ಎಣ್ಣೆಯನ್ನು ಪಕ್ಕಕ್ಕಿಟ್ಟು, ನೀಲಿಗೆಂದು ಇಟ್ಟಿದ್ದ, ಹಳದಿಗೆ ತಿರುಗದ ಕುಸುಬೆ ಎಣ್ಣೆಯನ್ನು ಯಂತ್ರಕ್ಕೆ ಹಾಕಿಸುತ್ತಿದ್ದಳಂತೆ. ನನ್ನ ಹಳದಿ ಎಣ್ಣೆ ಅಂಬರಿಗೂ ಕಪ್ಪಿಗೂ ಹೋಗುತ್ತಿತ್ತು, ಅವಕ್ಕೆ ಹಳದಿಯಾದರೇನು, ಯಾರಿಗೆ ಕಾಣಬೇಕು. "ನೀಲಿಗೆ ಇಷ್ಟೊಂದು ಕುಸುಬೆ ಎಣ್ಣೆ ಯಾಕೆ ಅಂತ ನೀವು ಒಂದಿನಾನೂ ಕೇಳ್ಲಿಲ್ಲ" ಎಂದು ಮೇಸ್ತ್ರಿ ಹೇಳಿದ. ನರ್ಸಮ್ಮನಿಗೆ ಹೋದ ಕೆಟ್ಟ ಟ್ಯೂಬುಗಳು ದೊಡ್ಡಕ್ಕ ಮಂಡಿನೋವಿಗೆ ಎರಡು ತಿಂಗಳು ರಜೆ ಹಾಕಿದಾಗಿನವು. ಅವಳ ಜಾಗಕ್ಕೆ ಬಂದವಳು ಪಾಪ ಪ್ರಾಮಾಣಿಕಳು, ನಾನು ಪಾಸು ಮಾಡಿದ್ದನ್ನೇ ತುಂಬಿದಳು.

ಪುಡಿಯ ಡಬ್ಬಿಗಳ ಮೇಲೆ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಕೋಬಾಲ್ಟ್ ನೇರಳೆ ಯಾವಾಗಲೂ ಎಡತುದಿಗೆ, ಅಲ್ಟ್ರಾಮರೀನ್ ಅದರ ಕೆಳಗೆ. ನಾನು ಶಿಸ್ತು ಅಂದುಕೊಂಡು ಹೊಗಳಿದ್ದೆ. ನಾನು ಒಂದಕ್ಕೆ ಇನ್ನೊಂದು ಎತ್ತಿಕೊಳ್ಳದಿರಲಿ ಎಂದು ಮಾಡಿದ್ದಂತೆ.

"ಒಂದು ಮಾತು ನನಗೆ ಹೇಳಬಾರದಿತ್ತಾ?" ಎಂದು ಕೇಳಿದೆ. ದೊಡ್ಡಕ್ಕ ಹೇಳಿದಳು: "ಹೇಳಿದ ಮಗಳಿಗೇ ಆ ಗತಿ ಆಯ್ತು. ನಾವ್ಯಾವ ಲೆಕ್ಕ?"

ಮಗಳೇ, ನಾನು ಅವರ ಮುಂದೆ ಸಣ್ಣವನಾಗುತ್ತೇನೆಂದು ಹೆದರಿದ್ದೆ. ಐದು ವರ್ಷದಿಂದ ಅವರ ಮುಂದೆ ಸಣ್ಣವನಾಗಿಯೇ ಇದ್ದೆ, ಅವರು ನನಗೆ ತಿಳಿಯಗೊಡಲಿಲ್ಲ ಅಷ್ಟೆ. ಅವತ್ತು ಮಧ್ಯಾಹ್ನ ಕಚೇರಿಯ ಬಾಗಿಲು ಹಾಕಿಕೊಂಡು ಅತ್ತೆ. ಆಪರೇಷನ್ ಆದ ಕಣ್ಣು, ಅಳಬೇಡಿ ಎಂದಿದ್ದಾಳೆ ಡಾಕ್ಟರು. ಅದನ್ನೂ ಕೇಳಲಿಲ್ಲ.

ಇನ್ನೊಂದು ಇದೆ. ಅದು ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ, ನಿನ್ನ ಅಮ್ಮನಿಗೂ ಗೊತ್ತಿಲ್ಲ. ಇದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿಕೊಂಡು ದೊಡ್ಡ ಮನುಷ್ಯನಾಗಿಬಿಡೋಣ ಎಂದು ಎರಡು ದಿನ ಅಂದುಕೊಂಡೆ. ಆಗಲಿಲ್ಲ.

ನೀನು ಹೋಗಿ ಮೂರು ತಿಂಗಳಿಗೆ ನದಿಯಾಚೆಯ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಕೇಳಿದ್ದೆಯಲ್ಲ. ಅಲ್ಲಿನ ಯಜಮಾನ ನನಗೆ ಕಾಗದ ಬರೆದು ನಿನ್ನ ಬಗ್ಗೆ ವಿಚಾರಿಸಿದ. ನಾನು ಉತ್ತರ ಬರೆದೆ: "ಹುಡುಗಿ ಒಳ್ಳೆಯವಳು, ಕಷ್ಟಪಡುತ್ತಾಳೆ. ಬಣ್ಣ ನೋಡುವ ಕೆಲಸ ಮಾತ್ರ ಕೊಡಬೇಡಿ, ಅವಳ ಕಣ್ಣನ್ನು ನಂಬುವ ಹಾಗಿಲ್ಲ." ನಿನಗೆ ಅಲ್ಲಿ ಕೆಲಸ ಆಗಲಿಲ್ಲವೆಂದು ನಿನ್ನ ಅಮ್ಮ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡಾಗ ನಾನು ಪೇಪರು ಓದುತ್ತಾ ಕೂತಿದ್ದೆ.

ಪೊರೆಯ ಹಿಂದೆ ಅಡಗಿಕೊಳ್ಳುವುದಿಲ್ಲ ಈಗ. ಅಷ್ಟು ಹೊತ್ತಿಗೆ ನನಗೆ ಅನುಮಾನ ಶುರುವಾಗಿತ್ತು. ದೀಪದ ಸುತ್ತ ಬಳೆಯ ಹಾಗೆ ಬೆಳಕು ಕಾಣುತ್ತಿತ್ತು. ಸಂಜೆ ನೀಲಿಯೂ ಕಪ್ಪೂ ಒಂದಾಗುತ್ತಿದ್ದವು. ನೀನು ಅಲ್ಲಿ ಕೂತು ಸರಿಯಾಗಿ ಬಣ್ಣ ನೋಡಿದರೆ, ತಪ್ಪು ಯಾರದೆಂದು ಈ ಕಸುಬಿನವರಿಗೆಲ್ಲ ತಿಳಿಯುತ್ತಿತ್ತು. ಅದಕ್ಕೇ ಬರೆದೆ. ಅದಕ್ಕೇ ನಾಲ್ಕು ವರ್ಷ ಡಾಕ್ಟರ ಹತ್ತಿರವೂ ಹೋಗಲಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆ ಯಜಮಾನನಿಗೆ ಇನ್ನೊಂದು ಕಾಗದ ಬರೆಯಲು ಕೂತೆ, ನಿನ್ನನ್ನು ಕೇಳದೆ ಕಳಿಸುವುದು ಬೇಡ ಅನ್ನಿಸಿ ನಿಲ್ಲಿಸಿದ್ದೇನೆ.

ಎಡಗಣ್ಣಿಗೆ ಜೂನ್ ಇಪ್ಪತ್ತಕ್ಕೆ ದಿನ ಕೊಟ್ಟಿದ್ದಾರೆ.

ಅಪ್ಪ


ಜೂನ್ ೨

ಅಪ್ಪಾ,

ಆ ಯಜಮಾನನಿಗೆ ಕಾಗದ ಬರೆಯುವುದು ಬೇಡ. ನಿನ್ನ ಹಳೆಯ ಕಾಗದ ನನ್ನ ಹತ್ತಿರವೇ ಇದೆ. ಐದು ವರ್ಷದಿಂದ ಇದೆ.

ಅವತ್ತು ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ನಿನ್ನ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. "ನಿಮ್ಮ ತಂದೆ ಹೀಗೆ ಬರೆದಿದಾರೆ. ನೀವೇನು ಹೇಳ್ತೀರಿ?" ಎಂದು ಕೇಳಿದರು. ಒಳ್ಳೆಯ ಮನುಷ್ಯ. ಎರಡು ಕಾರ್ಡು ಕೊಟ್ಟು ಯಾವುದು ಏನು ಎಂದು ಹೇಳಿ ಅಂದಿದ್ದರೆ ಹೇಳುತ್ತಿದ್ದೆ, ಅಲ್ಲೇ ಕೆಲಸ ಸಿಗುತ್ತಿತ್ತು. ಆದರೆ ಅವರು ಕೇಳಿದ್ದು ನಿನ್ನ ಮಾತು ನಿಜವೋ ಸುಳ್ಳೋ ಎಂದು.

ನಿನಗೆ ಕಾಣುತ್ತಿಲ್ಲ ಅನ್ನುವುದು ನನಗೆ ಅಷ್ಟರಲ್ಲಿ ಗೊತ್ತಿತ್ತು. ನಾನು ಅಲ್ಲಿದ್ದ ಕೊನೆಯ ಹನ್ನೆರಡು ದಿನದಲ್ಲಿ ಒಂದು ದಿನ ನೀನು ಟೈಟಾನಿಯಂ ಬಿಳಿ ತಾ ಅಂದಾಗ ಬೇಕೆಂದೇ ಆ ಹಳದಿ ಬಿಳಿಯನ್ನು ತಂದುಕೊಟ್ಟೆ. ನೀನು ಅಲಗಿನಿಂದ ಎಳೆದು ನೋಡಿ "ಹೂಂ, ಹಿಮದ ಹಾಗಿದೆ" ಅಂದೆ. ಅಮ್ಮನಿಗೆ ಹೇಳಬಹುದಿತ್ತು, ನಿನ್ನನ್ನು ಕೈಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಬಹುದಿತ್ತು. ಕೋಪ ಇತ್ತು, ಅನುಭವಿಸಲಿ ಅಂದುಕೊಂಡೆ. ನಿನ್ನ ತಪ್ಪಿನ ಪಕ್ಕದಲ್ಲಿ ಇದನ್ನೂ ಇಟ್ಟುಕೋ, ನನ್ನದು.

ಆದರೆ ಆ ಮೇಜಿನ ಎದುರು ಕೂತಾಗ ಅಷ್ಟು ಕೋಪವೂ ಕೆಲಸಕ್ಕೆ ಬರಲಿಲ್ಲ. ನಮ್ಮಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂದು ನಾನು ಅಂದರೆ ವಾರದೊಳಗೆ ಊರಿನ ಬಣ್ಣದವರಿಗೆಲ್ಲ ಗೊತ್ತಾಗುತ್ತಿತ್ತು. ನಿನ್ನ ಕಾರ್ಖಾನೆಯ ಬಾಗಿಲು ಹಾಕಬೇಕಾಗುತ್ತಿತ್ತು. ನಾನು ಹೇಳಿದೆ: "ನಮ್ಮಪ್ಪನ ಕಣ್ಣು ತಪ್ಪೋದಿಲ್ಲ ಸಾರ್. ಅವರು ಬರೆದಿದ್ದು ಸರಿಯಾಗೇ ಇರುತ್ತೆ." ಕಾಗದ ನನಗೆ ಕೊಡುತ್ತೀರಾ ಎಂದು ಕೇಳಿದೆ. ಕೊಟ್ಟರು. ಅಲ್ಲಿಂದ ನೇರ ಅಚ್ಚುಮನೆಗೆ ಹೋಗಿ ಕೆಲಸ ಕೇಳಿದೆ.

ಇಷ್ಟು ದಿನ ನಿನ್ನ ಕಾಗದಗಳಿಗೆ ಅಷ್ಟು ಬಿಗಿಯಾಗಿ ಉತ್ತರ ಬರೆದದ್ದು ಇದಕ್ಕೇ. ನೀನಾಗಿ ಇದನ್ನು ಹೇಳುತ್ತೀಯೋ ಇಲ್ಲವೋ ಎಂದು ಕಾಯುತ್ತಿದ್ದೆ. ಕೋಣೆಯಲ್ಲಿ ಹೇಳಿದ್ದನ್ನು ಓದಿ ಖುಷಿಯಾಯಿತು. ಇದನ್ನು ಓದಿ ಅಳು ಬಂತು.

ಮೊನ್ನೆ ಶನಿವಾರ ಅರ್ಧ ದಿನ ರಜೆ ಹಾಕಿ ನದಿಯಾಚೆಗೆ ಹೋಗಿದ್ದೆ. ಯಜಮಾನರಿಗೆ ಈಗ ತಲೆ ಪೂರ್ತಿ ನೆರೆತಿದೆ, ನನ್ನ ಗುರುತು ಹಿಡಿದರು. ನಿನ್ನ ಎರಡು ಕಾಗದಗಳನ್ನೂ ಅವರ ಮುಂದಿಟ್ಟೆ, ಹಳೆಯದು ಮತ್ತು ಮೇ ತಿಂಗಳದು. ಎರಡನ್ನೂ ಓದಿ, ಕನ್ನಡಕ ತೆಗೆದು, ಅದೇ ಪ್ರಶ್ನೆ ಕೇಳಿದರು: "ಈಗ ನೀವೇನು ಹೇಳ್ತೀರಿ?"

"ನಮ್ಮಪ್ಪನಿಗೆ ಕಾಣ್ತಿರ್ಲಿಲ್ಲ ಸಾರ್, ನನಗೆ ಕಾಣ್ತಿತ್ತು" ಅಂದೆ.

ಜುಲೈ ಒಂದನೇ ತಾರೀಖಿನಿಂದ ಬಿಳಿ ಮತ್ತು ನೀಲಿಗಳ ಕೆಲಸಕ್ಕೆ ಬನ್ನಿ ಅಂದಿದ್ದಾರೆ. ನಿನ್ನ ಹತ್ತಿರ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ದೊಡ್ಡಕ್ಕನಿಗೆ ಹೇಳು, ಇನ್ನು ಅವಳು ಕದ್ದುಮುಚ್ಚಿ ಎಣ್ಣೆ ಬದಲಾಯಿಸಬೇಕಾಗಿಲ್ಲ, ಎದುರಿಗೇ ಹೇಳಲಿ. ನೀನು ಕೇಳಿಸಿಕೋ. ಹತ್ತೊಂಬತ್ತನೇ ತಾರೀಖು ಸಂಜೆಗೆ ಮನೆಗೆ ಬರುತ್ತೇನೆ, ಮಾರನೆಯ ದಿನ ನಿನ್ನ ಜೊತೆ ಆಸ್ಪತ್ರೆಯಲ್ಲಿರುತ್ತೇನೆ.

ಶನಿವಾರ ಕೆಲಸ ಸಿಕ್ಕಿ ಹೊರಗೆ ಬಂದವಳು ಕುಣಿಯಬೇಕಿತ್ತು. ಐದು ವರ್ಷ ಗಂಟಲಲ್ಲಿದ್ದ ಮಾತು ಅದು. ಆದರೆ ಬಸ್ಸು ಹತ್ತಿ ಕೂತ ಮೇಲೆ, ಹೊರಗಿನವರೊಬ್ಬರ ಎದುರು ನಿನ್ನ ಬಗ್ಗೆ ಹಾಗೆ ಹೇಳಿಬಿಟ್ಟೆನಲ್ಲ ಎಂದು ಎಷ್ಟು ನಾಚಿಕೆಯಾಯಿತೆಂದರೆ, ಟಿಕೆಟು ಕೊಡಲು ಬಂದ ಕಂಡಕ್ಟರನ ಮುಖವನ್ನೂ ನೋಡಲಾಗಲಿಲ್ಲ. ನಿಜ ಹೇಳಿದ್ದಕ್ಕೆ ಯಾರಾದರೂ ಹೀಗೆ ನಾಚುತ್ತಾರಾ ಅಪ್ಪಾ?

ನಿನ್ನ ಮಗಳು